ಪುಟ್ಟಿಗೆ, ಮೊದಲ ಸೆಮಿಸ್ಟರಿನ ಗ್ರೇಡ್ ಬಂದ ಮೇಲೆ

ಶಿಕಾಗೋ
ಜನವರಿ ಕೊನೆಯ ಭಾನುವಾರ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದ. ನಾವಿಲ್ಲಿ ಕ್ಷೇಮ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಗ ಸಮಾಧಾನ ಹೇಳಿದೆ, ಅಷ್ಟೇ. ಹೇಳಬೇಕಾದ ಮಾತು ಹೇಳಲಾಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಎರಡು ಬಿ ಪ್ಲಸ್, ಒಂದು ಬಿ, ಒಂದು ಬಿ ಮೈನಸ್. ಪಿಯುಸಿಯಿಂದ ಬಿ.ಎ. ತನಕ ರ‍್ಯಾಂಕ್ ಬಿಟ್ಟು ಬೇರೇನೂ ನೋಡದವಳಿಗೆ ಇದು ಫೇಲಾದ ಹಾಗೇ ಅನಿಸುತ್ತದೆ, ನನಗೆ ಗೊತ್ತು. ಅಣ್ಣ ಮೈಸೂರಿನಿಂದ ಫೋನ್ ಮಾಡಿ "ಮಗು ಓದ್ತಾ ಇಲ್ವಾ?" ಅಂತ ಕೇಳಿದ. ಕರ್ವ್ ಅಂದರೆ ಏನು ಅಂತ ಅವನಿಗೆ ಅರ್ಧ ಗಂಟೆ ವಿವರಿಸಿದೆ. ನಮ್ಮಲ್ಲಿ ಇಡೀ ಕ್ಲಾಸು ಚೆನ್ನಾಗಿ ಬರೆದರೆ ಇಡೀ ಕ್ಲಾಸಿಗೆ ಡಿಸ್ಟಿಂಕ್ಷನ್ ಬರಬಹುದು. ಅಮೆರಿಕದ ಲಾ ಸ್ಕೂಲುಗಳಲ್ಲಿ ಹಾಗಿಲ್ಲ. ಮೊದಲ ವರ್ಷದ ಕ್ಲಾಸಿನ ಸರಾಸರಿ ಇಷ್ಟರ ಆಸುಪಾಸಿನಲ್ಲೇ ಇರಬೇಕು ಅಂತ ಹೆಚ್ಚಿನ ಕಡೆ ಮೊದಲೇ ನಿಯಮ ಮಾಡಿಟ್ಟಿರುತ್ತಾರೆ. ಎಲ್ಲರೂ ಚೆನ್ನಾಗಿ ಬರೆದರೂ ಎ ಸಿಗುವುದು ಕೆಲವರಿಗೇ. ಅದೂ ಹೆಚ್ಚಿನ ಪೇಪರಿಗೆ ಒಂದೇ ಪರೀಕ್ಷೆ, ಮೂರು ನಾಲ್ಕು ಗಂಟೆ, ಹೆಸರಿನ ಬದಲು ಒಂದು ನಂಬರು.

ನಿನ್ನ ಗೆಳತಿಗೆ ಕಾಂಟ್ರ್ಯಾಕ್ಟ್ಸ್‌ನಲ್ಲಿ ಕ್ಯಾಲಿ ಅವಾರ್ಡ್ ಬಂತು ಅಂದೆ. ಆ ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಗ್ರೇಡ್ ಪಡೆದವರಿಗೆ ಅದು ಸಿಗುತ್ತದೆ. ಅವಳಿಗೆ ಮನಸ್ಸಿಟ್ಟು ಅಭಿನಂದನೆ ಹೇಳು. ಪರೀಕ್ಷೆಗೆ ಅಂತ ಅವಳು ಮಾಡಿಕೊಂಡ ಪಾಠದ ಸಾರ, ಅದೇ ಔಟ್‌ಲೈನ್, ಹೇಗಿತ್ತು, ನೋಡಬಹುದಾ ಅಂತಲೂ ಕೇಳು. ನಾಚಿಕೆ ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲಾ ಸ್ಕೂಲಿನ ಗೌರವಗಳಲ್ಲಿ ಎರಡು ಜಾತಿ ಇವೆ, ಪುಟ್ಟಿ. ಒಂದು ನಿನ್ನನ್ನು ಅಳೆಯುತ್ತದೆ. ಇನ್ನೊಂದು ನಿನ್ನನ್ನು ದುಡಿಸಿಕೊಳ್ಳುತ್ತದೆ. ನಾನು ಓದುವಾಗ ಈ ವ್ಯತ್ಯಾಸ ನನಗೆ ಯಾರೂ ಹೇಳಿಕೊಡಲಿಲ್ಲ.

ಅಳೆಯುವುದರಲ್ಲಿ ದೊಡ್ಡದು ಆರ್ಡರ್ ಆಫ್ ದಿ ಕಾಯ್ಫ್ ಅನ್ನುವ ಸಂಘದ ಸದಸ್ಯತ್ವ. ಕಾಯ್ಫ್ ಅಂದರೆ ಹಿಂದೆ ಇಂಗ್ಲೆಂಡಿನಲ್ಲಿ ಸಾರ್ಜೆಂಟ್ ಅನ್ನುವ ಹಿರಿಯ ವಕೀಲರು ತಲೆಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದ ಬಿಳಿ ಟೋಪಿ. ನೂರಾರು ವರ್ಷ ಅಲ್ಲಿ ಜಡ್ಜ್ ಆಗುತ್ತಿದ್ದವರು ಆ ಟೋಪಿಯವರೇ. ಇಲ್ಲಿನ ಸಂಘದ ಬೇರು ನಮ್ಮ ಇಲಿನಾಯ್ ಯೂನಿವರ್ಸಿಟಿಯಲ್ಲೇ, 1902ರಲ್ಲಿ. ಪದವಿ ಮುಗಿಸುವ ತಂಡದಲ್ಲಿ ಮೇಲಿನ ಶೇ. 10ರೊಳಗೆ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. ಕೆಲಸ ಕೊಡುವವರು ರೆಸ್ಯೂಮೆಯಲ್ಲಿ ಅದನ್ನು ನೋಡುತ್ತಾರೆ, ಅದರ ತೂಕ ನಿಜ. ಆದರೆ ಅದು ತೀರ್ಮಾನವಾಗುವುದು ಮೂರು ವರ್ಷ ಮುಗಿದ ಮೇಲೆ. ನಿನ್ನ ಆರು ಸೆಮಿಸ್ಟರಿನಲ್ಲಿ ಆಗಿರುವುದು ಒಂದು. ಹಾಗಂತ ಇವತ್ತಿನಿಂದ ಅದನ್ನೇ ಎಣಿಸುತ್ತಾ ಕೂತರೆ ಪಕ್ಕದಲ್ಲಿ ಕೂತವರ ಗ್ರೇಡನ್ನೂ ಎಣಿಸಬೇಕಾಗುತ್ತದೆ. ಅದು ನಿನ್ನ ಕೈಯಲ್ಲಿಲ್ಲ.

ಸ್ಯಾಂಡ್ರಾ ಡೇ ಓಕಾನರ್ ಅವರ ಕಥೆ ನಿನಗೆ ಗೊತ್ತಿರಬೇಕು. 1952ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲಾ ಮುಗಿಸಿದರು. ಲಾ ರಿವ್ಯೂ ಅನ್ನುವ ಕಾನೂನು ಪತ್ರಿಕೆಯಲ್ಲಿ ಜಾಗ ಇತ್ತು, ಕಾಯ್ಫ್ ಇತ್ತು. ಆದರೂ ಹೆಂಗಸು ಅನ್ನುವ ಕಾರಣಕ್ಕೆ ಯಾವ ಫರ್ಮೂ ವಕೀಲರ ಕೆಲಸ ಕೊಡಲಿಲ್ಲ. ಒಂದು ಕಡೆ ಲೀಗಲ್ ಸೆಕ್ರೆಟರಿ ಆಗುತ್ತೀಯಾ ಅಂದರು. ಅವರು ಸ್ಯಾನ್ ಮಟೇಯೊ ಕೌಂಟಿಯ ಸರ್ಕಾರಿ ವಕೀಲರ ಕಚೇರಿಗೆ ಹೋಗಿ, ಸಂಬಳ ಇಲ್ಲದಿದ್ದರೂ ಸರಿ, ಕೆಲಸ ಕೊಡಿ ಅಂತ ಕೇಳಿ ಶುರು ಮಾಡಿದರು. 1981ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಆದರು. ಗೌರವದ ಪಟ್ಟಿಗಳು ತೆರೆಯದ ಬಾಗಿಲನ್ನು ಅವರು ಕೆಲಸ ಕೇಳಿ ತೆರೆಸಿದರು. ನನಗೆ ಧೈರ್ಯ ಕುಗ್ಗಿದಾಗಲೆಲ್ಲ ಸಂಬಳವಿಲ್ಲದ ಆ ಮೊದಲ ಕೆಲಸ ನೆನಪಾಗುತ್ತದೆ.

ಇನ್ನು ದುಡಿಸಿಕೊಳ್ಳುವ ಗೌರವಗಳು. ಇವಕ್ಕೆ ನೀನು ಕೈ ಚಾಚಲೇಬೇಕು.

ಮೊದಲನೆಯದು ಲಾ ರಿವ್ಯೂ. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗೆ ದೊಡ್ಡ ದೊಡ್ಡ ಪ್ರೊಫೆಸರುಗಳು ಲೇಖನ ಕಳಿಸಿ ಕಾಯುತ್ತಾರೆ ಅಂದರೆ ನಮ್ಮ ಊರಿನವರಿಗೆ ನಂಬಲು ಕಷ್ಟ ಅಲ್ವಾ? ಹಾರ್ವರ್ಡಿನಲ್ಲಿ ಇದು 1887ರಿಂದ ನಡೆದಿದೆ. ಗ್ರೇಡಿನ ಮೇಲೆ ಕೆಲವರನ್ನು ತೆಗೆದುಕೊಳ್ಳುವ ಶಾಲೆಗಳಿವೆ, ಆದರೆ ರೈಟ್-ಆನ್ ಅನ್ನುವ ದಾರಿಯೂ ಇದೆ. ವಸಂತದ ಪರೀಕ್ಷೆ ಮುಗಿದ ಕೂಡಲೇ ಒಂದು ಪ್ಯಾಕೆಟ್ ಕೊಡುತ್ತಾರೆ. ಅದರೊಳಗಿನ ಕೇಸುಗಳನ್ನಷ್ಟೇ ಓದಿ, ಹೊರಗಿನದೇನೂ ನೋಡದೆ, ಕೆಲವೇ ದಿನಗಳಲ್ಲಿ ಒಂದು ಟಿಪ್ಪಣಿ ಬರೆಯಬೇಕು. ಉಲ್ಲೇಖ ಬರೆಯುವ ನಿಯಮಗಳ ಪುಸ್ತಕ ಬ್ಲೂಬುಕ್ ಪ್ರಕಾರ ಅಡಿಟಿಪ್ಪಣಿಗಳನ್ನೂ ತಿದ್ದಬೇಕು. ಅಲ್ಪವಿರಾಮ ಎಲ್ಲಿ, ಇಟಾಲಿಕ್ಸ್ ಎಲ್ಲಿ ಅಂತ ಕಣ್ಣು ನೋಯುವಷ್ಟು ನೋಡಬೇಕು.

ನಾನು ರೈಟ್-ಆನ್ ಬರೆಯಲೇ ಇಲ್ಲ. ಆ ವರ್ಷ ನನ್ನ ಗ್ರೇಡೂ ನಿನ್ನ ಹಾಗೇ ಇತ್ತು. ಮೈಸೂರಿನ ಕನ್ನಡ ಮೀಡಿಯಂ ಹುಡುಗಿ, ನನ್ನ ಇಂಗ್ಲಿಷ್ ನೋಡಿ ನಗುತ್ತಾರೆ ಅಂದುಕೊಂಡೆ. ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟು, ತೆರೆಯದೆ ವಾಪಸ್ ಕೊಟ್ಟೆ. ನನ್ನನ್ನು ಯಾರೂ ತಿರಸ್ಕರಿಸಲಿಲ್ಲ, ನಾನೇ ತಿರಸ್ಕರಿಸಿಕೊಂಡೆ. ಇದನ್ನು ನಿಮ್ಮ ಮಾವನಿಗೂ ತುಂಬಾ ವರ್ಷ ಹೇಳಿರಲಿಲ್ಲ. ನಿನಗೆ ಹೇಳುತ್ತಿದ್ದೇನೆ, ಯಾಕೆಂದರೆ ಮೇ ತಿಂಗಳಲ್ಲಿ ನೀನೂ ಅದೇ ಮೇಜಿನ ಮುಂದೆ ಕೂರುತ್ತೀಯ. ಆಯ್ಕೆ ಆಗದಿದ್ದರೂ ಬರೆದದ್ದು ವ್ಯರ್ಥವಲ್ಲ. ಅಷ್ಟು ದಿನ ಒಂದೇ ಕಾನೂನಿನ ಪ್ರಶ್ನೆಯನ್ನು ಹಿಡಿದು ಕೂತರೆ ಕೈ ಪಳಗುತ್ತದೆ.

ಎರಡನೆಯದು ಮೂಟ್ ಕೋರ್ಟ್, ಅಂದರೆ ವಿದ್ಯಾರ್ಥಿಗಳು ವಾದ ಮಾಡುವ ಅಣಕು ನ್ಯಾಯಾಲಯ. ಅದರಲ್ಲಿ ಜೆಸಪ್ ಸ್ಪರ್ಧೆ ಎಷ್ಟು ದೊಡ್ಡದು ಅಂತ ನಿನಗೆ ಹೇಳಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಮಕ್ಕಳು 1999ರಲ್ಲಿ, ಮತ್ತೆ 2013ರಲ್ಲಿ ಇಡೀ ಪ್ರಪಂಚದ ತಂಡಗಳನ್ನು ದಾಟಿ ಅದನ್ನು ಗೆದ್ದರು. ನೀನು ಮಾತಾಡುವಾಗ ಉಚ್ಚಾರಣೆ ಬಗ್ಗೆ ಹೆದರುತ್ತೀಯಲ್ಲ, ಅದಕ್ಕೇ ಇದನ್ನು ನೆನಪಿಸಿದೆ. ಜಡ್ಜ್ ಮಧ್ಯದಲ್ಲಿ ಪ್ರಶ್ನೆ ಹಾಕಿದರೆ ಅಲ್ಲೇ ನಿಲ್ಲಿಸು, ಹೌದು ಅಥವಾ ಇಲ್ಲ ಅಂತ ಮೊದಲು ಹೇಳು, ಆಮೇಲೆ ಕಾರಣ ಕೊಡು. ಇಷ್ಟು ಬಂದರೆ ಉಚ್ಚಾರಣೆ ಯಾರಿಗೂ ಅಡ್ಡ ಬರುವುದಿಲ್ಲ.

ಮೂರನೆಯದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು, ಕ್ಲಿನಿಕ್, ಅಂದರೆ ಓದುತ್ತಲೇ ನಿಜವಾದ ಕಕ್ಷಿದಾರರ ಕೇಸು ನಡೆಸುವುದು. ಇಲಿನಾಯ್‌ನಲ್ಲಿ ರೂಲ್ 711 ಅಂತ ಒಂದು ಕೋರ್ಟಿನ ನಿಯಮ ಇದೆ. ಸಾಕಷ್ಟು ಕ್ರೆಡಿಟ್ ಮುಗಿಸಿದ ವಿದ್ಯಾರ್ಥಿ, ಹಿರಿಯ ವಕೀಲರ ಮೇಲ್ವಿಚಾರಣೆಯಲ್ಲಿ, ನಿಜವಾದ ಕೋರ್ಟಿನಲ್ಲಿ ನಿಲ್ಲಬಹುದು. ಇಲ್ಲಿ ಎಲ್ಲರೂ ಅದನ್ನು "ಸೆವೆನ್-ಇಲೆವೆನ್" ಅಂತಲೇ ಕರೆಯುತ್ತಾರೆ. ನಾನು ಮೊದಲು ನಿಂತದ್ದು ಶಿಕಾಗೋದ ಕೋರ್ಟು ಕಟ್ಟಡ ಡೇಲಿ ಸೆಂಟರಿನಲ್ಲಿ, ಒಬ್ಬ ಬಾಡಿಗೆದಾರ ತಾಯಿಯ ಪರ. ಜನವರಿಯ ಚಳಿಯಲ್ಲಿ ಆಕೆಯ ಮನೆಗೆ ಹೀಟ್ ಇರಲಿಲ್ಲ, ಮಾಲೀಕ ಮನೆ ಬಿಡಿಸಲು ಕೇಸು ಹಾಕಿದ್ದ. ನನ್ನ ಕೈ ನಡುಗುತ್ತಿತ್ತು. ಆಕೆ ಒಂದು ಚಿಕ್ಕ ಪುಸ್ತಕದಲ್ಲಿ ಪ್ರತಿ ದಿನದ ಮನೆಯೊಳಗಿನ ಉಷ್ಣಾಂಶ ಬರೆದಿಟ್ಟಿದ್ದಳು. ಅದನ್ನೇ ಓದಿದೆ. ಜಡ್ಜ್ ಪೆನ್ ಕೆಳಗಿಟ್ಟು ಕೇಳಿಸಿಕೊಂಡರು. ಆಕೆಗೆ ಸಮಯ ಸಿಕ್ಕಿತು, ಹೀಟೂ ಬಂತು. ಮುಂದೆ ಮೂವತ್ತು ವರ್ಷ ನಾನು ಮಾಡಿದ್ದು ಇದೇ ಕೆಲಸ.

ಪದವಿಯ ದಿನ ಪ್ರೊ ಬೋನೋ, ಅಂದರೆ ಫೀಸಿಲ್ಲದೆ ಮಾಡಿದ ಕಾನೂನು ಸೇವೆಯ, ಗಂಟೆಗಳಿಗೂ ಹಲವು ಶಾಲೆಗಳು ಪ್ರಶಸ್ತಿ ಕೊಡುತ್ತವೆ. ನ್ಯೂಯಾರ್ಕಿನಲ್ಲಿ ವಕೀಲಳಾಗಬೇಕಾದರೆ 50 ಗಂಟೆ ಪ್ರೊ ಬೋನೋ ಕೆಲಸ ಮಾಡಿರಲೇಬೇಕು. ನೀನು ಅಲ್ಲಿಗೆ ಹೋಗುವ ಆಸೆ ಇಟ್ಟುಕೊಂಡಿದ್ದೀಯಲ್ಲ, ಈಗಲೇ ಲೆಕ್ಕ ಬರೆದಿಡು. ಒಂದು ಎಚ್ಚರ: ನೀನು ಎಫ್-1 ಅನ್ನುವ ವಿದ್ಯಾರ್ಥಿ ವೀಸಾದವಳು. ಕ್ಯಾಂಪಸ್ಸಿನ ಹೊರಗಿನ ಯಾವ ಕೆಲಸಕ್ಕೂ, ಸಂಬಳ ಇಲ್ಲದ್ದಾದರೂ, ಮೊದಲು ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಲ್ಲಿ ಕೇಳು.

ಇಮೇಲಿನಲ್ಲಿ "ನೀವು ಆಯ್ಕೆಯಾಗಿದ್ದೀರಿ" ಅಂತ ಆಹ್ವಾನಗಳು ಬರುತ್ತವೆ, ಕೊನೆಯಲ್ಲಿ ಫೀಸು ಇರುತ್ತದೆ. ಎಲ್ಲವೂ ಕೆಟ್ಟದ್ದಲ್ಲ. ಫೈ ಡೆಲ್ಟಾ ಫೈ 1869ರಲ್ಲಿ ಮಿಶಿಗನ್‌ನಲ್ಲಿ ಶುರುವಾದ ಹಳೆಯ ಸಂಘ, 2012ರಲ್ಲಿ ಅದು ಆನರ್ ಸೊಸೈಟಿ, ಅಂದರೆ ಚೆನ್ನಾಗಿ ಓದುವವರ ಗೌರವ ಸಂಘ, ಆಯಿತು. ಆದರೆ ದುಡ್ಡು ಕಟ್ಟುವ ಮೊದಲು ಡೀನ್ ಆಫೀಸಿಗೆ ಹೋಗಿ, ಈ ಸಂಘ ನಮ್ಮ ಶಾಲೆಯಲ್ಲಿ ಇದೆಯಾ, ಏನು ಮಾಡುತ್ತದೆ ಅಂತ ವಿಚಾರಿಸು. ಅವರಿಗೇ ಗೊತ್ತಿಲ್ಲದ ಸಂಘಕ್ಕೆ ಸುಮ್ನೆ ದುಡ್ಡು ಕೊಡಬೇಡ.

ಈ ವಾರ ಒಂದು ಕೆಲಸ ಮಾಡು. ನಿನಗೆ ಬಿ ಮೈನಸ್ ಬಂದ ಟಾರ್ಟ್ಸ್, ಅಂದರೆ ಹಾನಿ-ಪರಿಹಾರದ ಕಾನೂನು, ಕಲಿಸುವ ಪ್ರೊಫೆಸರ್ ಹತ್ತಿರ ಹೋಗು. ನಿನ್ನ ಉತ್ತರ ಪತ್ರಿಕೆ, ಅವರ ಮಾದರಿ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ಓದು. ಗ್ರೇಡ್ ಬದಲಾಯಿಸಿ ಅಂತ ಕೇಳಬೇಡ. ನನ್ನ ಊಹೆ ಇದು: ನೀನು ನಿಯಮವನ್ನು ಪುಟಗಟ್ಟಲೆ ಬರೆದಿದ್ದೀಯ, ನಮ್ಮಲ್ಲಿ ಕಲಿಸಿದ ಹಾಗೆ. ಪ್ರಶ್ನೆಯಲ್ಲಿ ಕೊಟ್ಟ ಕಥೆಯ ಸಂಗತಿಗೆ ಆ ನಿಯಮ ಹೇಗೆ ಹೊಂದುತ್ತದೆ, ಎದುರು ಪಕ್ಷದವನು ಏನು ಹೇಳುತ್ತಾನೆ ಅನ್ನುವುದನ್ನು ಎರಡು ಸಾಲಲ್ಲಿ ಮುಗಿಸಿದ್ದೀಯ. ಇಲ್ಲಿ ಅಂಕ ಇರುವುದೇ ಆ ಎರಡು ಸಾಲಿನಲ್ಲಿ. ನನಗೂ ಮೊದಲ ಸೆಮಿಸ್ಟರಿನಲ್ಲಿ ಹಾಗೇ ಆಗಿತ್ತು.

ಚಟ್ನಿಪುಡಿ, ಹುರಿಗಾಳು ಪಾರ್ಸೆಲ್ ಮಾಡಿದ್ದೇನೆ, ಗುರುವಾರ ತಲುಪಬಹುದು. ಟಾರ್ಟ್ಸ್ ಪೇಪರ್ ನೋಡಿ ಬಂದ ದಿನ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಎತ್ತುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅತ್ತೆ