ಇಂಟರ್ನೆಟ್ ಇಲ್ಲದ ಶಾಲೆಗೂ ತಂತ್ರಾಂಶ ತಲುಪಲಿ

ಮಾನ್ಯ ಸಂಪಾದಕರೇ,

ನಾನು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ನಮ್ಮಲ್ಲಿ ಎಂಟು ಕಂಪ್ಯೂಟರ್‌ಗಳಿವೆ, ಇಂಟರ್ನೆಟ್ ಇಲ್ಲ. ಮೊಬೈಲಿಗೆ ಸಿಗ್ನಲ್ ಬೇಕೆಂದರೂ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು.

ಗಣಿತ ಪಾಠಕ್ಕೆಂದು ಪೇಟೆಯಿಂದ ಪೆನ್‌ಡ್ರೈವ್‌ನಲ್ಲಿ ಒಂದು ತಂತ್ರಾಂಶ ತಂದೆ. ಹತ್ತನೇ ತರಗತಿಯ ಮಕ್ಕಳು ಪರದೆಯ ಮುಂದೆ ಮುಗಿಬಿದ್ದು ನಿಂತರು. ಕ್ಲಿಕ್ ಮಾಡಿದರೆ, ‘ಇಂಟರ್ನೆಟ್ ಸಂಪರ್ಕ ಪರೀಕ್ಷಿಸಿ’ ಎಂಬ ಸೂಚನೆ ಬಂತು. ನಾನು ತಂದದ್ದು ಎರಡು ಎಂಬಿಯೂ ಇಲ್ಲದ ಕಡತ. ನಿಜವಾದ ಸರಕನ್ನು ಅದು ಇಂಟರ್ನೆಟ್‌ನಿಂದಲೇ ಎಳೆದುಕೊಳ್ಳಬೇಕಂತೆ. ಪೂರ್ತಿ ಕಡತ ತರಲು ಮತ್ತೊಂದು ಶನಿವಾರ ಬಸ್ ಹತ್ತಿದೆ. ಈ ಸಲ ಅದರೊಂದಿಗೆ ವೈರಸ್ಸೂ ಬಂತು. ಮಕ್ಕಳು ಮಾಡಿಟ್ಟಿದ್ದ ಯೋಜನೆಗಳ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕುಳಿತವು. ವೈರಸ್ ತಡೆಯುವ ತಂತ್ರಾಂಶ ನಮ್ಮಲ್ಲಿದೆ, ಆದರೆ ಅದನ್ನು ನವೀಕರಿಸಲೂ ಇಂಟರ್ನೆಟ್ ಬೇಕು!

ಇದಕ್ಕೆ ದಾರಿ ಇಲ್ಲವೆಂದಲ್ಲ. ವಿಂಡೋಸ್‌ನ ಭದ್ರತಾ ನವೀಕರಣಗಳನ್ನು ಬಿಡಿ ಕಡತಗಳಾಗಿ ಮೈಕ್ರೋಸಾಫ್ಟ್ ತನ್ನ ಜಾಲತಾಣದಲ್ಲೇ ಇಟ್ಟಿದೆ. ಬರಹ, ಲೆಕ್ಕಪಟ್ಟಿಗಳಿಗೆ ಬಳಸುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಪೂರ್ತಿಯಾಗಿ ಒಂದೇ ಕಡತದಲ್ಲಿ ಸಿಗುತ್ತದೆ. ಸಹಾಯ ಪುಟಗಳ ಕಡತವನ್ನು ಮಾತ್ರ ಮರೆಯದೆ ಬೇರೆಯಾಗಿ ಇಳಿಸಿಕೊಳ್ಳಬೇಕು. ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್ ಲಿನಕ್ಸ್ ಡಿವಿಡಿ ರೂಪದಲ್ಲೇ ದೊರೆಯುತ್ತದೆ. ಡೆಬಿಯನ್‌ಗೆ ‘ಆ್ಯಪ್ಟ್-ಆಫ್‌ಲೈನ್’ ಎಂಬ ಸಾಧನವಿದೆ. ಯಾವ್ಯಾವ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಬೇಕು, ಅವು ಇನ್ನಾವುದನ್ನು ನೆಚ್ಚಿಕೊಂಡಿವೆ ಎಂಬ ಪಟ್ಟಿಯನ್ನು ನಮ್ಮ ಕಂಪ್ಯೂಟರಿನಲ್ಲೇ ಬರೆಸಿಕೊಂಡು, ಇಂಟರ್ನೆಟ್ ಇರುವಲ್ಲಿ ಅಷ್ಟನ್ನೂ ಇಳಿಸಿ ತರಬಹುದು. ಸಂತೆಗೆ ಚೀಟಿ ಬರೆದುಕೊಂಡು ಹೋದ ಹಾಗೆ.

ಆದರೆ ಪ್ರತಿ ಶಾಲೆಯ ಶಿಕ್ಷಕರೂ ಒಬ್ಬೊಬ್ಬರಾಗಿ ಈ ಸಂತೆಗೆ ಏಕೆ ಅಲೆಯಬೇಕು? ಕ್ಷೇತ್ರ ಸಂಪನ್ಮೂಲ ಕೇಂದ್ರಗಳಿಗೆ ನಾವು ತರಬೇತಿಗೆಂದು ಹೋಗುತ್ತಲೇ ಇರುತ್ತೇವೆ. ಅಲ್ಲಿ ಮೂರು ತಿಂಗಳಿಗೊಮ್ಮೆ ಪೂರ್ಣ ತಂತ್ರಾಂಶಗಳನ್ನೂ ನವೀಕರಣಗಳನ್ನೂ ಇಳಿಸಿ, ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಚೆಕ್‌ಸಮ್ ಸಂಖ್ಯೆಯನ್ನು ತಾಳೆ ನೋಡಿ, ಡಿವಿಡಿಗೆ ಬರೆದು ಕೊಡಲಿ. ಒಮ್ಮೆ ಬರೆದು ಮುಚ್ಚಿದ ಡಿವಿಡಿಗೆ ಆಮೇಲೆ ವೈರಸ್ ಹತ್ತಲಾರದು. ಕೈಯಿಂದ ಕೈಗೆ ತಿರುಗುವ ಪೆನ್‌ಡ್ರೈವ್‌ಗೆ ಆ ಭರವಸೆ ಇಲ್ಲ. ನಮ್ಮ ಹಳೆಯ ಕಂಪ್ಯೂಟರ್‌ಗಳಲ್ಲಿ ಡಿವಿಡಿ ಡ್ರೈವ್ ಇನ್ನೂ ಕೆಲಸ ಮಾಡುತ್ತಿದೆ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತೆಂದು ಪತ್ರಿಕೆಗಳೆಲ್ಲ ಬರೆದವು. ನಮ್ಮ ಕಂಪ್ಯೂಟರ್‌ಗಳಿಗೆ ಅದಕ್ಕೂ ಮೊದಲಿನ ನವೀಕರಣಗಳೇ ಇನ್ನೂ ತಲುಪಿಲ್ಲ. ಶಿಕ್ಷಣ ಇಲಾಖೆ ಮನಸ್ಸು ಮಾಡಿದರೆ ಈ ಬೇಸಿಗೆ ರಜೆ ಮುಗಿಯುವುದರೊಳಗೆ ಮೊದಲ ಡಿವಿಡಿ ನಮ್ಮ ಕೈಸೇರಬಹುದು. ಅದನ್ನು ತರಲು ನಾನೇ ಹೋಗುತ್ತೇನೆ.

– ಒಬ್ಬ ಶಿಕ್ಷಕಿ, ಶಿವಮೊಗ್ಗ ಜಿಲ್ಲೆ