ಎರಡನೆಯ ಮಹಡಿಯ ಸಿಸ್ಟರ್‌ಗಳಿಗೆ

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ನಮ್ಮ ಅಮ್ಮ 23 ದಿನಗಳ ನಂತರ ಮೊನ್ನೆ ಮನೆಗೆ ಬಂದರು. ನಿನ್ನೆ ಬೆಳಿಗ್ಗೆ ವಾಕರ್ ಹಿಡಿದು ತುಳಸಿಕಟ್ಟೆಯವರೆಗೆ ತಾವೇ ನಡೆದರು. ವೈದ್ಯರಿಗೆ ನಮ್ಮ ಕೃತಜ್ಞತೆಯನ್ನು ಆಗಲೇ ತಿಳಿಸಿದ್ದೇವೆ. ಈ ಬರಹ ವಾರ್ಡಿನ ಶುಶ್ರೂಷಕಿಯರಿಗೆ, ಅದರಲ್ಲೂ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರಿಗೆ.

ಶಸ್ತ್ರಚಿಕಿತ್ಸೆಯ ಮರುದಿನವೇ ಅಮ್ಮನಿಗೆ ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ, ಶುರುವಾಯಿತು. ವಯಸ್ಸಾದವರಲ್ಲಿ ಇದು ಅಪರೂಪವಲ್ಲವೆಂದು ವೈದ್ಯರು ಹೇಳಿದ್ದರೂ, ಹಗಲು ರಾತ್ರಿಯ ಪರಿವೆಯಿಲ್ಲದೆ ಡ್ರಿಪ್ಪಿನ ಸೂಜಿಯನ್ನು ಕೀಳಲು ಹೋಗುವ, ಹೆತ್ತ ಮಗಳನ್ನೇ "ನೀವು ಯಾರ ಮನೆಯವರು" ಎಂದು ಕೇಳುವ ಅಮ್ಮನನ್ನು ನೋಡುವ ಧೈರ್ಯ ನನಗಿರಲಿಲ್ಲ. ಸಮಾಧಾನವಾಗಲೆಂದು ಮೊಬೈಲಿನಲ್ಲಿ ಭಜನೆ ಹಾಕಿದೆ. ತಾಳ, ಚಪ್ಪಾಳೆಗಳ ಸದ್ದಿಗೆ ಅವರು ಇನ್ನಷ್ಟು ಕೆರಳಿದರು. ಸಿಸ್ಟರ್ ಗದರಲಿಲ್ಲ. "ಅಕ್ಕಾ, ಮನೆಯಲ್ಲಿ ಅಜ್ಜಿ ಏನು ಕೇಳುತ್ತಿದ್ದರು?" ಎಂದಷ್ಟೇ ವಿಚಾರಿಸಿದರು.

ಅಮ್ಮ ಮೈಸೂರಿನವರು, ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ರೇಡಿಯೋದಲ್ಲಿ ಕೇಳುತ್ತ ಬೆಳೆದವರು. ಆ ರಾತ್ರಿಯಿಂದ ಸಿಸ್ಟರ್ ದಿಂಬಿನ ಪಕ್ಕದಲ್ಲಿ ಚಿಕ್ಕ ಸ್ಪೀಕರ್ ಇಟ್ಟು, ಮಾನಿಟರಿನ ಅಲಾರಂ ಮುಚ್ಚಿಹೋಗದಂತೆ, ಪಕ್ಕದ ಹಾಸಿಗೆಯವರ ನಿದ್ದೆಗೂ ತೊಂದರೆಯಾಗದಂತೆ ಸಣ್ಣ ದನಿಯಲ್ಲಿ ಅರ್ಧ ಗಂಟೆ ಆಲಾಪನೆ ಹಾಕುತ್ತಿದ್ದರು. ಮೊದಲೂ ಆಮೇಲೂ ನಾಡಿ, ಬಿ.ಪಿ. ನೋಡಿ ಚಾರ್ಟಿನಲ್ಲಿ ಬರೆಯುತ್ತಿದ್ದರು. ಜೋಗುಳದ ರಾಗವೆಂದು ನಾನೇ ಆರಿಸಿಕೊಟ್ಟ ನೀಲಾಂಬರಿಗೆ ಅಮ್ಮ ಬಿಕ್ಕಿ ಬಿಕ್ಕಿ ಅತ್ತಾಗ ಕೂಡಲೇ ನಿಲ್ಲಿಸಿ, ಅವರ ಕೈ ಹಿಡಿದು ಕುಳಿತರು. ಆ ರಾಗ ಮತ್ತೆ ಬರಲಿಲ್ಲ.

ನಾದ ಕಡಿಯದೆ ಹರಿಯುವ ಊದುವಾದ್ಯ, ತಂತಿವಾದ್ಯ, ಮನುಷ್ಯರ ಕಂಠ ರೋಗಿಗಳಿಗೆ ಹಿತ, ಪಿಯಾನೋ ಹಾಗಲ್ಲ ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರೆಂದು ತಿಳಿಸಿದವರೂ ಇದೇ ಸಿಸ್ಟರ್. ಮೀಟುವ ವೀಣೆ ಆ ಲೆಕ್ಕದಲ್ಲಿ ಎಲ್ಲಿ ಸೇರುತ್ತದೋ ಎಂದು ಅವರೇ ನಕ್ಕಿದ್ದರು.

ವೀಣೆಯಿಂದಲೇ ಗುಣವಾಯಿತೆಂದು ಹೇಳಲಾರೆ. ರಕ್ತದ ಸೋಡಿಯಂ ಸರಿಪಡಿಸಿದ್ದು, ನೋವಿಗೆ ಕೊಟ್ಟ ಔಷಧ, ಕನ್ನಡಕವನ್ನು ಮತ್ತೆ ಹಾಕಿದ್ದು ಎಲ್ಲವೂ ಸೇರಿದೆ. ಆದರೆ ಐದನೆಯ ರಾತ್ರಿ ಸ್ಪೀಕರ್ ನಿಂತ ಮೇಲೆ ಅಮ್ಮ ಕಣ್ಣು ತೆರೆದು, "ವೀಣೆ ಮುಗಿಯಿತಲ್ಲ, ವಾರ್ತೆ ಯಾಕೆ ಬರಲಿಲ್ಲ?" ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಅವರಾಡಿದ ಮೊದಲ ಸರಿಯಾದ ಮಾತು ಅದು.

ಸಿಸ್ಟರ್, ಮುಂದಿನ ವಾರ ತಪಾಸಣೆಗೆ ಬಂದಾಗ ನಿಮ್ಮನ್ನು ನೋಡಲೇಬೇಕೆಂದು ಅಮ್ಮ ಹಟ ಹಿಡಿದಿದ್ದಾರೆ. ಸ್ಪೀಕರ್ ವಾರ್ಡಿನಲ್ಲೇ ಇರಲಿ. ಅದರ ಚಾರ್ಜರ್ ನಮ್ಮ ಚೀಲದಲ್ಲಿ ಮನೆಗೆ ಬಂದುಬಿಟ್ಟಿದೆ, ಆಗ ತಂದುಕೊಡುತ್ತೇವೆ.