ಕಡಲ ತಳದ ಕೆಸರನ್ನೂ ಕೇಳಬೇಕು

ಮಾನ್ಯರೇ,

ಕರಾವಳಿ ಮಾಲಿನ್ಯದ ಮಾತು ಬಂದಾಗಲೆಲ್ಲ ಬಾಟಲಿಗೆ ನೀರು ತುಂಬಿಸಿ ಬಿಒಡಿ, ಅಂದರೆ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ, ಅಳೆಯುವುದೇ ರೂಢಿ. 5 ದಿನ ಕಾದು ಪಡೆದ ಆ ಅಂಕಿ ನೀರು ತೆಗೆದ ಗಳಿಗೆಯದ್ದಷ್ಟೇ; ಒಂದು ಉಬ್ಬರ ಬಂದು ಹೋದರೆ ಲೆಕ್ಕ ಬೇರೆ. ಚರಂಡಿಯ ಕೊಳೆ, ಮೀನಿನ ಪಂಜರಗಳಿಂದ ಉದುರುವ ಮೇವು, ಹಿಕ್ಕೆ ಎಲ್ಲವೂ ಕೊನೆಗೆ ಸೇರುವುದು ತಳಕ್ಕೆ. ಅಲ್ಲಿನ ಸೂಕ್ಷ್ಮಜೀವಿಗಳಲ್ಲಿ ಯಾರು ಹೆಚ್ಚಿದರು, ಯಾರು ಕರಗಿದರು ಎಂಬುದು ವಾರ, ತಿಂಗಳುಗಳ ಕಥೆ ಹೇಳುತ್ತದೆ.

ಸಾವಯವ ವಸ್ತು ಹೆಚ್ಚಿದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಕೆಸರಿನ ಆಮ್ಲಜನಕವನ್ನು ಬೇಗ ಮುಗಿಸುತ್ತವೆ. ಆಮೇಲೆ ಸಲ್ಫೇಟನ್ನೇ ಉಸಿರಾಡುವ ಜಾತಿಗಳ ಕಾರುಬಾರು; ಸಮುದ್ರದ ನೀರಿನಲ್ಲಿ ಅದು ಲೀಟರಿಗೆ ಸುಮಾರು 2.7 ಗ್ರಾಂ ಇರುವುದರಿಂದ ಅವಕ್ಕೆ ಬರವಿಲ್ಲ. ಅವು ಬಿಡುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಕಬ್ಬಿಣದೊಂದಿಗೆ ಸೇರಿ ಕೆಸರನ್ನು ಕಪ್ಪಾಗಿಸುತ್ತದೆ. ತೀರಾ ಕೆಟ್ಟ ಕಡೆ ಬೆಗ್ಗಿಯಾಟೋವಾ ಎಂಬ ಬ್ಯಾಕ್ಟೀರಿಯಾದ ಬಿಳಿ ಹಾಸು ಬರಿಗಣ್ಣಿಗೇ ಕಾಣುತ್ತದೆ. ಸ್ಥಿತಿ ಅಲ್ಲಿಗೆ ಮುಟ್ಟುವ ಮುನ್ನವೇ ಡಿಎನ್‌ಎ ತೆಗೆದು ಬ್ಯಾಕ್ಟೀರಿಯಾಗಳ ಗುರುತು ಹೇಳುವ 16ಎಸ್ ಜೀನ್ ಓದಿದರೆ ಸುಳಿವು ಸಿಗುತ್ತದೆ.

ಎಡವುವುದು ಬಹುಪಾಲು ದೋಣಿಯ ಮೇಲೆಯೇ. ರಭಸದಿಂದ ಇಳಿದು ಕೆಸರನ್ನು ಬಾಚಿ ತರುವ ಗ್ರ್ಯಾಬ್ ಎಂಬ ಉಪಕರಣ ಮೇಲ್ಪದರದ ನವಿರು ಕೆಸರನ್ನು ಚದುರಿಸಿಬಿಡುತ್ತದೆ. ಕೊಳವೆ ಇಳಿಸಿ ಮೇಲಿನ 1–2 ಸೆಂ.ಮೀ. ಮಾತ್ರ ತೆಗೆಯಬೇಕು, ಜಾಗಕ್ಕೆ ಕನಿಷ್ಠ 3 ಮಾದರಿ. ಕೂಡಲೇ ಮಂಜುಗಡ್ಡೆಯಲ್ಲಿಟ್ಟು, ಪ್ರಯೋಗಾಲಯದಲ್ಲಿ ಮೈನಸ್ 80 ಡಿಗ್ರಿಗೆ ಸೇರಿಸಬೇಕು. ಬಿಸಿಲಿಗೆ ಬಿಟ್ಟರೆ ಡಬ್ಬಿಯೊಳಗೇ ಬೇರೆ ಬ್ಯಾಕ್ಟೀರಿಯಾ ಬೆಳೆದು, ಕಡಲಿನದಲ್ಲ, ಡಬ್ಬಿಯ ವರದಿ ಕೈಗೆ ಬರುತ್ತದೆ. ಕೊಳೆತ ಸಸ್ಯಗಳಿಂದ ಕೆಸರಿಗೆ ಸೇರುವ ಹ್ಯೂಮಿಕ್ ಆಮ್ಲ, ಜೀನ್ ಓದುವ ಮುನ್ನ ಅದರ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನು ಕೆಡಿಸುವುದುಂಟು. ಡಿಎನ್‌ಎಯನ್ನು ಹತ್ತು ಪಟ್ಟು ತೆಳುವಾಗಿಸಿ ಮತ್ತೆ ನಡೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೊರಗಿನ ಡಿಎನ್‌ಎ ಬೆರೆತಿದ್ದರೆ ಗೊತ್ತಾಗಲೆಂದು, ಕೆಸರೇ ಹಾಕದ ಖಾಲಿ ಕೊಳವೆಯೊಂದೂ ಕೊನೆಯವರೆಗೆ ಜೊತೆಗಿರಲಿ.

ಫಲಿತಾಂಶ ಓದುವಾಗ ಎರಡು ಎಚ್ಚರ. ಸತ್ತ ಕೋಶಗಳ ಡಿಎನ್‌ಎ ಕೆಸರಿನಲ್ಲಿ ಉಳಿದಿರುತ್ತದೆ, ಮಾಲಿನ್ಯ ನಿಂತ ಮೇಲೂ ಅದು ಹಳೆಯ ಸಾಕ್ಷಿ ನುಡಿಯಬಹುದು. ಮತ್ತೆ, ಜೀನ್ ಓದಿ ಪಡೆದ ಅಂಕಿಗಳೆಲ್ಲ ಶೇಕಡಾವಾರು; ಒಂದು ಗುಂಪಿನ ಪಾಲು ಏರಿತೆಂದರೆ ಅದರ ಸಂಖ್ಯೆ ಏರಿತೆಂದಲ್ಲ, ಉಳಿದವು ಕುಸಿದಿರಲೂಬಹುದು.

ಎಲ್ಲಕ್ಕಿಂತ ದೊಡ್ಡ ತಪ್ಪು ಮರಳನ್ನೂ ಜೇಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ನುಣುಪು ಜೇಡಿ ತಾನಾಗಿಯೇ ಹೆಚ್ಚು ಸಾವಯವ ಇಂಗಾಲ ಹಿಡಿದಿಡುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು ಯಾವ ಚರಂಡಿಯೂ ಇಲ್ಲದೆ ಕಪ್ಪಾಗಿರುತ್ತದೆ. ಹಾಗಾಗಿ ಹೋಲಿಕೆಗೆ ಅದೇ ಕಣಗಾತ್ರದ, ಕೊಳಕು ಸೇರದ ಜಾಗ ಬೇಕು. ಸಾವಯವ ಇಂಗಾಲ ಅಳೆಯುವ ಮುನ್ನ, ಲೆಕ್ಕಕ್ಕೆ ಸೇರದಂತೆ ಚಿಪ್ಪಿನ ಕಾರ್ಬೊನೇಟನ್ನು ಆಮ್ಲದಿಂದ ಕಳೆಯಬೇಕು. ಕಣಗಾತ್ರದ ಕಾಲಂ ಇಲ್ಲದ ವರದಿಯಲ್ಲಿ ಸೂಕ್ಷ್ಮಜೀವಿಗಳ ಪಾಲಿನಿಂದ ಲೆಕ್ಕಹಾಕಿದ ಮಾಲಿನ್ಯ ಸೂಚ್ಯಂಕ ಎಷ್ಟೇ ಬಂದಿರಲಿ, ಅದನ್ನು ಹಿಂದಿರುಗಿಸಿ ಮತ್ತೆ ಕೇಳುವುದೇ ಲೇಸು.

– ಸಾಗರ ಸೂಕ್ಷ್ಮಜೀವಿ ವಿಜ್ಞಾನದ ಅಭ್ಯಾಸಿಗಳು